ಏಳು

ಒಂದರಿಂದ ಹನ್ನೊಂದರವರೆಗೆ ಎಣಿಸಲು ಕಲಿತ ಮೇಲೆ
ಅರ್ಕಾಡಿಗೆ ಕನ್ನಡ ಸಾಕೆನಿಸಿತು.
ಅಷ್ಟೇ ಜನ ತಾನೆ ಮೈದಾನದಲ್ಲಿ.
ರೋಹಿದಾಸ ತಾಂಡೇಲ ಅವನಿಗೆ ‘ಒಂದು’,
ಕಾಜುಬಾಗದ ಇನಾಸ ‘ನಾಕು’,
ನಾನು ‘ಏಳು’.
ಚೆಂಡು ತಪ್ಪಿ ನಾನು ಬಿದ್ದಾಗಲೂ
ಗೆರೆಯ ಆಚೆಯಿಂದ ಅದೇ ಕೂಗು: ಏಳು!
ಹೆಸರೋ, ಅಪ್ಪಣೆಯೋ,
ಕೇಳಬೇಕು ಅನ್ನುವಷ್ಟರಲ್ಲಿ ಎದ್ದಿರುತ್ತಿದ್ದೆ.

ಮುಖ್ಯ ಕೋಚು ದುಮಿಂಗ್ ಮಾಸ್ತರರು.
ಸೀಟಿ ಅವರದು, ಕುರ್ಚಿ ಅವರದು,
ಗೆದ್ದರೆ ಪೇಪರಿನಲ್ಲಿ ಹೆಸರು ಅವರದು,
ಸೋತರೂ.
ಅರ್ಕಾಡಿ ಸಹಾಯಕ,
ಅಂದರೆ ಮಾಸ್ತರರ ಎಡಭುಜಕ್ಕೆ ಅರ್ಧ ಹೆಜ್ಜೆ ಹಿಂದೆ,
ಕಾಲಬುಡದಲ್ಲಿ ಬೈತಖೋಲದ ಐಸು ತುಂಬಿದ ಮೀನಿನ ಡಬ್ಬಿ.
ಆ ವರ್ಷವಿಡೀ ನಮ್ಮೆಲ್ಲರ ಮೊಣಕಾಲೂ
ಬಂಗಡೆ ನಾತ ಹೊಡೆಯುತ್ತಿತ್ತು.
ಹುರುಪು ಬಂದರೆ ‘ದವಾಯ್, ದವಾಯ್’ ಅನ್ನುವನು;
ಮೊದಲ ವಾರ ನಾಗೂ ಮೂರು ಸಲ
ಔಷಧಿ ಪೆಟ್ಟಿಗೆ ಹೊತ್ತು ಓಡಿದ.

ಜೂನು, ಜುಲೈ. ದೋಣಿ ದಡ ಹತ್ತಿ ಕೂತ ಎರಡು ತಿಂಗಳು.
ನಮಗೆ ಫುಟ್‌ಬಾಲೆಂದರೆ ಅಷ್ಟೇ.
ಗೋಲಿನ ಬಲೆ ಹರಿದಾಗ ಗಂಟು ಹಾಕಲು
ನನ್ನ ಆಯಿಯೇ ಅವನಿಗೆ ಕಲಿಸಿದ್ದು.
ಆ ದಪ್ಪ ಬೆರಳಲ್ಲಿ ಸೂಜಿ ಹಿಡಿದು
ಅರ್ಧ ಗೋವೆಯ ಕೊಂಕಣಿ, ಅರ್ಧ ಕೈಸನ್ನೆಯಲ್ಲಿ
ತನ್ನ ಕತೆ ಬಿಡಿಸುತ್ತಿದ್ದ:
ಅರ್ಖಾಂಗೆಲ್ಸ್ಕದ ಬಳಿ ಕಟ್ಟಿಗೆ ಮಿಲ್ಲಿನ ಒಂದು ತಂಡ.
ಸಮುದ್ರ ಅಲ್ಲೂ ಇತ್ತು,
ಚಳಿಗಾಲ ಅದರ ಮೇಲೆ ಲಾರಿ ಓಡಿಸುತ್ತಿದ್ದರು.
(ಇದನ್ನು ಆಯಿ ಇವತ್ತಿಗೂ ನಂಬಿಲ್ಲ.)
ಹತ್ತೊಂಬತ್ತಕ್ಕೆ ಎರಡನೇ ದರ್ಜೆ,
ಇಪ್ಪತ್ಮೂರಕ್ಕೆ ಮೊದಲನೆಯದು,
ಅಲ್ಲಿ ಆಡಿದ್ದು ಒಟ್ಟು ಎಂಬತ್ತೊಂದು ನಿಮಿಷ.
ಅದರೊಳಗೆ ಒಂದು ಗೋಲು.
ಬಾವುಟ ಎದ್ದಿತು. ಆಫ್‌ಸೈಡ್.
ಆಮೇಲೆ ಮೊಣಕಾಲು. ಆಮೇಲೆ ಮಡಗಾಂವಿನ ಕ್ಲಬ್ಬು.
ಅವರೂ ಬೇಡವೆಂದ ಮೇಲೆ
ಪ್ಯಾಸೆಂಜರ್ ರೈಲು, ಕಾಳಿ ಸೇತುವೆ, ನಾವು.
‘ಅದು ಗೋಲೇ ಆಗಿತ್ತು’ ಎನ್ನುವನು ಪ್ರತಿಸಲ,
ಗಂಟು ಹಲ್ಲಲ್ಲಿ ಬಿಗಿಯುತ್ತ.

ಅವನು ಚೆಂಡು ನೋಡುತ್ತಲೇ ಇರಲಿಲ್ಲ.
ನಾವೆಲ್ಲ ಚೆಂಡಿನ ಹಿಂದೆ ಕಣ್ಣು ಕಳಿಸಿದಾಗ
ಅವನದು ಚೆಂಡಿಲ್ಲದವನ ಪಾದದ ಮೇಲೆ,
ಸೊಂಟ ಯಾವ ಕಡೆ ತಿರುಗಿದೆ, ಯಾರು ಯಾರಿಗೆ ಹೆದರಿದ್ದಾನೆ.

ಮಾಲಾದೇವಿ ಮೈದಾನ. ಅಂಕೋಲೆಯವರ ಎದುರು ಫೈನಲ್.
ಒಂದು, ಒಂದು. ಇನ್ನು ಮೂರೇ ನಿಮಿಷ.
ನಾಕು ತಳ್ಳಿದ್ದು ಏಳರ ಕಾಲಿಗೆ ಬಂತು,
ಬಲೆ ಉಬ್ಬಿತು, ಆಯಿಯ ಗಂಟು ಗಟ್ಟಿ ನಿಂತಿತು,
ಸೀಟಿ. ಕೊಡೆಗಳು ಆಕಾಶಕ್ಕೆ.
ಬಾವುಟದವನು ಕನ್ನಡಕದ ನೀರು ಒರೆಸುತ್ತಿದ್ದ.
ಆಗ ಅರ್ಕಾಡಿ
ಮಾಸ್ತರರನ್ನು ದಾಟಿ, ಗೆರೆಯನ್ನೂ ದಾಟಿ
ನಡೆದ ರೆಫರಿಯ ಬಳಿಗೆ.
ಕೈ ಎತ್ತಿದ.
ಏನಂದನೋ ಕೇಳಿಸಲಿಲ್ಲ, ನೋಡಿದರೆ ಸಾಕಿತ್ತು.

ಪೆನಾಲ್ಟಿಯಲ್ಲಿ ಸೋತೆವು.
ಕೋಡಿಬಾಗದಲ್ಲಿ ಅವನಿಗೆ ಒಂದು ವಾರ ಯಾರೂ ಚಾ ಕೊಡಲಿಲ್ಲ.
ನಾನು ಹದಿನೈದು ದಿನ ಮುಖ ತಿರುಗಿಸಿದೆ;
ಹದಿನಾರಕ್ಕೆ ಹೋಗಿ ಕೇಳಿದೆ, ಯಾಕೆ?
ಬಲೆ ಕೆಳಗಿಡಲಿಲ್ಲ ಅವನು.
‘ಅದೂ ಆಫ್‌ಸೈಡೇ, ಏಳು.
ಅಲ್ಲಿಯದು. ನನ್ನದು.
ಇಷ್ಟು ಮುಂದಿದ್ದೆ.’
ಸೂಜಿಯಿಂದ ತೋರಿಸಿದ,
ಅರ್ಧ ಹೆಜ್ಜೆ.

ಈಗ ನಾನು ಬಂದರದಲ್ಲಿ ಮೀನು ಹರಾಜು ಕೂಗುತ್ತೇನೆ.
ದುಮಿಂಗ್ ಮಾಸ್ತರರ ನಂತರ ಇಬ್ಬರು ಬಂದರು, ಹೋದರು,
ಕುರ್ಚಿ ಪ್ಲಾಸ್ಟಿಕ್ಕಿನದಾಯಿತು.
ಅದರ ಹಿಂದೆ ಅದೇ ಜಾಗದಲ್ಲಿ ಅವನು,
ತಲೆ ಪೂರ್ತಿ ಬೆಳ್ಳಗೆ.
ಮೊನ್ನೆ ಐಸು ತಲುಪಿಸಲು ಹೋದವನು
ಡಬ್ಬಿಯ ಮೇಲೇ ಕೂತು ನೋಡುತ್ತಿದ್ದೆ.
ಯಾರದೋ ಹುಡುಗ, ಬೆನ್ನ ಮೇಲಿನ ಅಂಕಿ ಕೆಸರಲ್ಲಿ ಮುಚ್ಚಿ,
ಮೂಲೆಯಲ್ಲಿ ಜಾರಿ ಬಿದ್ದ.
‘ಏಳು!’

ಎದ್ದು ನಿಂತೆ ನಾನು,
ಒದ್ದೆ ಲುಂಗಿಯಲ್ಲಿ.